ಕೃತ್ತಿಕೆಯ ದಿಕ್ಕು

ಓದಿ ತಿಳಿದುದಕ್ಕೂ ಕಂಡು ತಿಳಿದುದಕ್ಕೂ ಇರುವ ಅಂತರವು ಅಧ್ಯಾಪನದಲ್ಲಿಯೇ ತಲೆ ನರೆತವರಿಗೂ ಕೆಲವೊಮ್ಮೆ ತಡವಾಗಿ ಗೋಚರವಾಗುವುದುಂಟು. ಸುರತ್ಕಲ್ಲಿನ ಒಂದು ಮನೆಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ.

ಆ ಮನೆಯ ಹಿರಿಯರು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತು, ಬಹುಕಾಲ ಮಕ್ಕಳಿಗೆ ಕಲಿಸಿ, ವಿಶ್ರಾಂತರಾದವರು. ಕೃತ್ತಿಕೆಗಳು ಪೂರ್ವದಿಕ್ಕನ್ನು ಬಿಟ್ಟು ಕದಲುವುದಿಲ್ಲ, ಉಳಿದ ನಕ್ಷತ್ರಗಳು ಕದಲುತ್ತವೆ ಎಂಬರ್ಥದ ಮಾತೊಂದು ಶತಪಥಬ್ರಾಹ್ಮಣದ ಅಗ್ನ್ಯಾಧಾನಪ್ರಕರಣದಲ್ಲಿದೆ. ನಕ್ಷತ್ರಗಳ ಪ್ರಸ್ತಾಪ ಬಂದಾಗಲೆಲ್ಲ ಅವರು ಇದನ್ನು ಶಿಷ್ಯರಿಗೆ ಹೇಳುತ್ತಿದ್ದರು. "ಈಗಲೂ ಹಾಗೆಯೇ" ಎಂದು ತಮ್ಮದೊಂದು ಮಾತನ್ನೂ ಸೇರಿಸುತ್ತಿದ್ದರು.

ಅವರ ಮೊಮ್ಮಗಳು, ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವನ್ನು ನೋಡಿ ಬಂದವಳು, ಮನೆಯ ಕಂಪ್ಯೂಟರಿನಲ್ಲಿ ಸ್ಟೆಲೇರಿಯಂ ಎಂಬ ತಂತ್ರಾಂಶವನ್ನು ಅಳವಡಿಸಿಕೊಂಡಳು. ಫ್ರಾನ್ಸಿನ ಫಾಬಿಯೆನ್ ಶೆರೋ ಎಂಬವರು 2000ದಲ್ಲಿ ಆರಂಭಿಸಿದ ಇದು ಎಲ್ಲರಿಗೂ ಉಚಿತವಾಗಿ ದೊರೆಯುವುದು. ಊರು, ದಿನ, ಹೊತ್ತು ಇಷ್ಟನ್ನು ತಿಳಿಸಿದರೆ ಅಲ್ಲಿಯ ಆಕಾಶವು ತೆರೆಯ ಮೇಲೆ ಮೂಡುವುದು. ಕಾಲವನ್ನು ಹಿಂದಕ್ಕೂ ಮುಂದಕ್ಕೂ ನಡೆಸಬಹುದು.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಆಕೆ, "ಅಜ್ಜ, ಕೃತ್ತಿಕೆ ಪೂರ್ವಕ್ಕೆ ಹುಟ್ಟುವುದಿಲ್ಲವಲ್ಲ! ಹತ್ತಿರ ಹತ್ತಿರ 25 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತದೆ, ನೋಡಿ" ಎಂದಳು.

"ಯಂತ್ರ ತಪ್ಪಿರಬೇಕು, ಮಗೂ" ಎಂದರು ಅವರು.

ಇಬ್ಬರೂ ಅಂಗಳಕ್ಕಿಳಿದರು. ಮನೆಯ ಬಾಗಿಲಿನಿಂದ ತುಳಸಿಕಟ್ಟೆಗೆ ನೇರ ಪೂರ್ವ. ಹೆದ್ದಾರಿಯ ದೀಪಗಳ ಪ್ರಭೆಯಿಂದ ಮಸುಕಾದ ಬಾನಿನಲ್ಲಿ ಕೃತ್ತಿಕೆಯ ಗೊಂಚಲು ಕಟ್ಟೆಯ ನೇರಕ್ಕಿರದೆ, ಬಹಳ ಎಡಕ್ಕೆ, ತೆಂಗಿನ ಮರಗಳ ನಡುವೆ ಕಾಣಿಸಿತು. ಆ ಅಂಗಳದಲ್ಲಿ ಅಷ್ಟು ವರ್ಷ ಓಡಾಡಿದವರು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಹಾಗಾದರೆ ಶ್ರುತಿವಾಕ್ಯವು ಹುಸಿಯೇ? ಅವರು ಒಳಗೆ ಬಂದು ಮೌನವಾಗಿ ಕುಳಿತರು. ಮೊಮ್ಮಗಳು ಏನನ್ನೋ ಯೋಚಿಸಿ, ವರ್ಷವನ್ನು ಕ್ರಿ. ಪೂ. 3000ಕ್ಕೆ ಒಯ್ದಳು. ತೆರೆಯ ಮೇಲೆ ಕೃತ್ತಿಕೆಯು ಪೂರ್ವಬಿಂದುವಿನಲ್ಲಿಯೇ ಮೇಲೆದ್ದಿತು.

ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತನ್ನು ಮುಗಿಸುವುದು. ಅದರಿಂದ ನಕ್ಷತ್ರಗಳು ಹುಟ್ಟುವ ಸ್ಥಾನವೂ ಮೆಲ್ಲಮೆಲ್ಲನೆ ಸರಿಯುವುದು, ಇದೇ ಅಯನಚಲನೆ. ಶಂಕರ ಬಾಲಕೃಷ್ಣ ದೀಕ್ಷಿತರು (1853–1898) ಇದನ್ನು ಗಣಿಸಿಯೇ ಆ ವಾಕ್ಯವು ಸುಮಾರು ಕ್ರಿ. ಪೂ. 3000ದ ಆಕಾಶವನ್ನು ಹೇಳುತ್ತದೆಂದು ನಿರ್ಣಯಿಸಿದ್ದರು. ಈ ಕಾಲನಿರ್ಣಯದಲ್ಲಿ ಪಂಡಿತರೆಲ್ಲರಿಗೂ ಒಮ್ಮತವಿಲ್ಲ. ಆದರೂ ಹಾಗೆ ಹೇಳಿದವರು ಆಕಾಶವನ್ನು ನೋಡಿದ್ದರೆಂಬುದರಲ್ಲಿ ಆ ಹಿರಿಯರಿಗೆ ಅಂದು ಸಂಶಯವುಳಿಯಲಿಲ್ಲ. ವಾಕ್ಯವೂ ತಪ್ಪಿರಲಿಲ್ಲ, ಯಂತ್ರವೂ ತಪ್ಪಿರಲಿಲ್ಲ. ತಲೆಯೆತ್ತಿ ನೋಡದೆ "ಈಗಲೂ ಹಾಗೆಯೇ" ಎಂದವರು ತಪ್ಪಿದ್ದರು.

ಮರುದಿನ ಅವರು ಹಳೆಯ ಪಾಠದ ಟಿಪ್ಪಣಿಯನ್ನು ಹುಡುಕಿ ತೆಗೆದು, ಆ ಎರಡು ಪದಗಳನ್ನು ಹೊಡೆದುಹಾಕಿದರು. ಊರೂರಿಗೆ ಚದರಿಹೋದ ಶಿಷ್ಯರ ಮನಸ್ಸಿನಿಂದ ಅವನ್ನು ಹೊಡೆದುಹಾಕುವ ಬಗೆ ಮಾತ್ರ ಅವರಿಗೆ ತಿಳಿಯಲಿಲ್ಲ.