ಬಾಯೊಳಗೊಂದು ತಂತಿಬೇಲಿ

ಹಲ್ಲಿಗೆ ಕ್ಲಿಪ್ ಅಂದ್ರೆ ಹೈಸ್ಕೂಲ್ ಮಕ್ಕಳಿಗೆ ಅಂತ ನಮ್ಮಲ್ಲೊಂದು ನಂಬಿಕೆ. ನಾನು ಹಾಕಿಸಿಕೊಂಡಿದ್ದು 33ಕ್ಕೆ. "ಮದ್ವೆ ಆಗಿ ಮಗೂನೂ ಆಯ್ತಲ್ಲೋ, ಇನ್ಯಾರಿಗ್ ತೋರ್ಸೋಕೆ?" ಅಂದಳು ಅವ್ವ. ಊರಲ್ಲಿ 'ಉಬ್ಬಲ್ಲ' ಅನ್ನಿಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದೇ ನಗೋದು ಕಲಿತವನಿಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ.

ವಸಡು, ಮೂಳೆ ಗಟ್ಟಿಯಿದ್ದರೆ ವಯಸ್ಸು ಅಡ್ಡಿಯಲ್ಲ. ತಂತಿ ಮೆಲ್ಲಗೆ ಒತ್ತುತ್ತಲೇ ಇರುತ್ತೆ. ಹಲ್ಲು ಸರಿಯುವ ಕಡೆ ಮೂಳೆ ಕರಗಿ, ಬಿಟ್ಟುಬಂದ ಕಡೆ ಹೊಸದು ತುಂಬಿಕೊಳ್ಳುತ್ತೆ. ಅದಕ್ಕೇ ಇಲ್ಲಿ ಅವಸರ ನಡೆಯಲ್ಲ.

ಆಫೀಸ್ ಬ್ಯಾಗಲ್ಲಿ ಈಗ ಚಾರ್ಜರ್ ಜೊತೆ ಮೃದು ಬ್ರಶ್, ತಂತಿಯಡಿ ತೂರಿಸೋ ಪುಟ್ಟ ಬ್ರಶ್, ಮೇಣ, ಕನ್ನಡಿ. ಊಟವಾದ ಮೇಲೆ ಪ್ರತಿಸಲ ಉಜ್ಜಲೇಬೇಕು. ಇಲ್ಲದಿದ್ದರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಉಳಿಯುತ್ತೆ. ಕೆನ್ನೆ ಉಜ್ಜಿ ಹುಣ್ಣಾದರೆ ಆ ಬ್ರಾಕೆಟ್ ಮೇಲೆ ಮೇಣದುಂಡೆ ಒತ್ತಿ. ಕೋಡುಬಳೆ, ಕಬ್ಬು, ಚಿಕ್ಕಿ ಸದ್ಯಕ್ಕೆ ಬೇಡ. ಸೀಬೆಹಣ್ಣು ಹೆಚ್ಚಿಕೊಂಡು ತಿನ್ನಿ. ಸಾಂಬಾರಿನ ಅರಿಶಿನಕ್ಕೆ ಬಣ್ಣವಿಲ್ಲದ ರಬ್ಬರ್ ಹಳದಿಯಾಗುತ್ತೆ, ಬೂದುಬಣ್ಣದ್ದು ಕೇಳಿ.

ಮೊದಲ ವಾರವೇ ಕ್ಲೈಂಟ್ ಡೆಮೋ ಇತ್ತು. 'ಸ', 'ಶ' ಎರಡೂ ತೊದಲಿದವು. ಅವರು ನನ್ನ ಹಲ್ಲು ನೋಡಲಿಲ್ಲ, ಸ್ಕ್ರೀನ್ ನೋಡಿದರು. ಕೊನೆಗೆ ಒಬ್ಬ ಕೇಳಿದ್ದು, ರಿಲೀಸ್ ಯಾವಾಗ ಅಂತ.

ಹಲ್ಲು ನೆಟ್ಟಗಾದ ಮೇಲೆ ಬಾಯ್ತುಂಬ ನಗ್ತೀನಿ ಅಂತ ಕಾಯೋರಿಗೆ ಒಂದು ಮಾತು. ಈ ಬೇಲಿ ಒಂದೂವರೆ, ಎರಡು ವರ್ಷ ಇರುತ್ತೆ. ತೆಗೆದ ಮೇಲೆ ರಿಟೇನರ್ ಬೇರೆ. ಅಷ್ಟು ದಿನ ನಗದೆ ಇರೋಕಾಗುತ್ತಾ?