ಯಾರೂ ಅಲ್ಲದವನ ಸಹಿ

ಹಿಂದಿನಿಂದ ಕಾಣುವ ಒಂದು ದಪ್ಪ ಕುತ್ತಿಗೆ. ಮೇಲೆ ಸೋವಿಯತ್ ಸೇನಾಧಿಕಾರಿಯ ಟೋಪಿ, ಕೆಳಗೆ ಸಮವಸ್ತ್ರ. ಮುಖವಿಲ್ಲ. ಜೊತೆಗೆ ರಷ್ಯನ್ ಲಿಪಿಯಲ್ಲಿ ಎರಡೇ ಪದ: ‘ತವಾರಿಶಿ, ಕನ್ಯೆತ್ಸ್’. ಸಂಗಾತಿಗಳೇ, ಮುಗಿಯಿತು. 1990ರ ಚುನಾವಣೆಯ ಹೊತ್ತಿಗೆ ಹಂಗೇರಿಯ ಗೋಡೆಗಳ ಮೇಲಿದ್ದ ಈ ಪೋಸ್ಟರ್ ಇಶ್ತ್ವಾನ್ ಒರೋಸ್ ಅವರದು. ಅದನ್ನು ಬಳಸಿಕೊಂಡ ಹಂಗೇರಿಯನ್ ಡೆಮಾಕ್ರಟಿಕ್ ಫೋರಂ ಆ ಚುನಾವಣೆಯಲ್ಲಿ ಗೆದ್ದಿತು. ಸೋವಿಯತ್ ಸೇನೆಯ ಕೊನೆಯ ತುಕಡಿ ದೇಶ ಬಿಟ್ಟಿದ್ದು 1991ರ ಜೂನ್‌ನಲ್ಲಿ.

ಹಂಗೇರಿಯ ಮತದಾರರಿಗೆ ರಷ್ಯನ್ ಭಾಷೆಯ ಪೋಸ್ಟರ್ ಯಾಕೆ? ಎರಡು ಭಾಷೆಗಳಿಗೂ ರಕ್ತಸಂಬಂಧವೇ ಇಲ್ಲ. ಆದರೆ ದಶಕಗಳ ಕಾಲ ಹಂಗೇರಿಯ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿತ್ತು. ಬೇಡದೆ ಕಲಿತ ಭಾಷೆಯಲ್ಲಿಯೇ, ಕಲಿಸಿದವರನ್ನು ಬೀಳ್ಕೊಡುವ ಮಾತು. ‘ಕನ್ಯೆತ್ಸ್’ ಅನ್ನುವುದು ಸೋವಿಯತ್ ಸಿನಿಮಾಗಳ ಕೊನೆಯಲ್ಲಿ ತೆರೆಯ ಮೇಲೆ ಬರುತ್ತಿದ್ದ ಪದ ಕೂಡ. ಇನ್ನೊಂದು ತಮಾಷೆ: ಹಂಗೇರಿಯನ್ ಭಾಷೆಯಲ್ಲಿ ‘ಒರೋಸ್’ ಎಂದರೆ ರಷ್ಯನ್ ಎಂದೇ ಅರ್ಥ.

1951ರಲ್ಲಿ ಕೆಚ್ಕೆಮೇತ್ ಊರಿನಲ್ಲಿ ಹುಟ್ಟಿದ ಒರೋಸ್, ಬುಡಾಪೆಸ್ಟ್‌ನ ಅನ್ವಯಿಕ ಕಲೆಗಳ ಕಾಲೇಜಿನಲ್ಲಿ ಓದಿ 1975ರಲ್ಲಿ ಹೊರಬಂದರು. ಅಲ್ಲಿ ಪಾಠ ಹೇಳಿದವರಲ್ಲಿ ಬಣ್ಣದ ಘನದ ಎರ್ನೋ ರೂಬಿಕ್ ಒಬ್ಬರು. ಆಮೇಲೆ ರಂಗಸಜ್ಜಿಕೆ, ಅನಿಮೇಷನ್, ನಾಟಕ ಮತ್ತು ಸಿನಿಮಾಗಳ ಪೋಸ್ಟರ್. ಎಶರ್‌ನ ಹಾಗೆ ಕಟ್ಟಲಾಗದ ಕಟ್ಟಡಗಳನ್ನೂ ಬರೆದರು. ಅವು ಚೆನ್ನಾಗಿವೆ, ಆದರೆ ಅವರ ನಿಜವಾದ ಕೈಚಳಕ ಕಾಣುವುದು ಕನ್ನಡಿ ಬೇಡುವ ಚಿತ್ರಗಳಲ್ಲಿ.

ಕಾಗದದ ಮೇಲೆ ಒಂದು ಚಿತ್ರವನ್ನು ಬಿಲ್ಲಿನಂತೆ ಬಾಗಿಸಿ, ಎಳೆದು ಬರೆದಿರುತ್ತಾರೆ. ಸರಿಯಾದ ಜಾಗದಲ್ಲಿ ಉರುಳೆಯಾಕಾರದ ಕನ್ನಡಿ ನಿಲ್ಲಿಸಿದರೆ ಅದು ಕನ್ನಡಿಯೊಳಗೆ ನೆಟ್ಟಗಾಗುತ್ತದೆ. ಯುರೋಪಿನಲ್ಲಿ ಇದು 17ನೇ ಶತಮಾನದಲ್ಲೇ ಪ್ರಿಯವಾಗಿದ್ದ ಆಟ. ಆದರೆ ಹಳೆಯ ಚಿತ್ರಗಳಲ್ಲಿ ಕನ್ನಡಿ ತೆಗೆದರೆ ಉಳಿಯುತ್ತಿದ್ದುದು ಸಾಮಾನ್ಯವಾಗಿ ಅರ್ಥವಾಗದ ಬಣ್ಣದ ಬಳುಕು ಮಾತ್ರ. ಒರೋಸ್ ಆ ಬಳುಕನ್ನೇ ಮತ್ತೊಂದು ಪೂರ್ಣ ಚಿತ್ರವಾಗಿಸಿದರು. ‘ನಿಗೂಢ ದ್ವೀಪ’ದಲ್ಲಿ ಕಾಗದದ ಮೇಲಿರುವುದು ಒಂದು ನಿಸರ್ಗದೃಶ್ಯ, ಕನ್ನಡಿಯಲ್ಲಿ ಅದೇ ಗೆರೆಗಳು ಕೂಡಿ ಜೂಲ್ಸ್ ವರ್ನ್‌ನ ಮುಖವಾಗುತ್ತವೆ. ಒಂದು ಗೆರೆ ಎರಡು ಕಡೆಯೂ ದುಡಿಯಬೇಕು. ಅನುವಾದ ಮಾಡುವವರಿಗೆ ಈ ಪಾಡು ಗೊತ್ತು.

ಮುಖ ಇರುತ್ತದೆ, ಆದರೆ ನೋಡುವವರು ಅದಕ್ಕೆ ತಕ್ಕ ಜಾಗ ಹುಡುಕಬೇಕು. ಚುನಾವಣೆಯ ಪೋಸ್ಟರಿನಲ್ಲಿ ಕನ್ನಡಿಯೂ ಬೇಕಾಗಲಿಲ್ಲ. 1956ರ ಬಂಡಾಯವನ್ನು ಟ್ಯಾಂಕುಗಳು ಹೊಸಕಿದ್ದನ್ನು ಕಂಡವರಿಗೆ ಆ ಕುತ್ತಿಗೆಯ ಆಚೆಗಿನ ಮುಖ ಎಂಥದ್ದೆಂದು ಯಾರೂ ಬಿಡಿಸಿ ತೋರಿಸಬೇಕಿರಲಿಲ್ಲ.

ಹಲವು ಚಿತ್ರಗಳಿಗೆ ಅವರು ಹಾಕುವ ಸಹಿ ‘ಉತಿಸ್’. ಒಕ್ಕಣ್ಣಿನ ದೈತ್ಯ ಪಾಲಿಫೀಮಸ್‌ಗೆ ಒಡಿಸ್ಯೂಸ್ ಹೇಳಿದ ಸುಳ್ಳು ಹೆಸರಿದು. ಗ್ರೀಕಿನಲ್ಲಿ ‘ಯಾರೂ ಅಲ್ಲ’ ಎಂದರ್ಥ. ಕಣ್ಣು ಕಳೆದುಕೊಂಡ ದೈತ್ಯ ‘ಉತಿಸ್ ನನ್ನನ್ನು ಕೊಲ್ಲುತ್ತಿದ್ದಾನೆ’ ಎಂದು ಅರಚಿದಾಗ ಅಕ್ಕಪಕ್ಕದ ದೈತ್ಯರಿಗೆ ಕೇಳಿಸಿದ್ದು ‘ಯಾರೂ ಕೊಲ್ಲುತ್ತಿಲ್ಲ’ ಎಂದು. ಕನ್ನಡದಲ್ಲಿ ಈ ಚಮತ್ಕಾರ ನಿಲ್ಲುವುದಿಲ್ಲ: ನಮ್ಮಲ್ಲಿ ‘ಇಲ್ಲ’ ಬಂದು ಕೂರುವುದು ಕ್ರಿಯಾಪದದಲ್ಲಿ, ಹೆಸರಿನಲ್ಲಲ್ಲ. ನೋಡುವವರ ಕಣ್ಣನ್ನೇ ಗುರಿಯಿಡುವ ಕಲಾವಿದನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ.