ಬೈತಖೋಲದವರೆಗೆ

ಕಾಳೀ ನದಿಯ ಅಳಿವೆಯಿಂದ ದಕ್ಷಿಣಕ್ಕೆ ಬಾಗಿ ಸಾಗುವ ಕಾರವಾರದ ಮರಳ ದಂಡೆ ಬೈತಖೋಲದ ಗುಡ್ಡದ ಬಳಿಗೆ ಬಂದು ನಿಲ್ಲುತ್ತದೆ. ಗುಡ್ಡವು ಕಡಲೊಳಕ್ಕೆ ಚಾಚಿ ನೈಋತ್ಯದ ಗಾಳಿಯನ್ನು ತಡೆಯುವುದರಿಂದ ಅದರ ಮರೆಯಲ್ಲಿಯೇ ಬಂದರು, ಮೀನುದೋಣಿಗಳ ತಂಗುದಾಣ. ಊರ ಹೆಸರು ಅರಬ್ಬೀ ನಾವಿಕರಿಂದ ಬಂದುದೆಂದೂ ‘ಸುರಕ್ಷಿತ ಕೊಲ್ಲಿ’ ಎಂಬುದು ಅದರ ಅರ್ಥವೆಂದೂ ಹೇಳುವುದುಂಟು.

ಬೆಳಗಿನ ಜಾವ ಈ ದಂಡೆಯ ಮೇಲೆ ನಡೆಯಬರುವ ಗೃಹಸ್ಥರಿಗೂ ಅಂಥದೊಂದು ಮರೆ ಬೇಕಾಗಿರುತ್ತದೆ. ಕಚೇರಿಯಲ್ಲಿ ಕಿರಿಯನಿಗೆ ದೊರೆತ ಬಡ್ತಿ, ನೆರೆಮನೆಯ ಹುಡುಗಿಯ ಅಂಕಗಳು, ಷಡ್ಡಕನು ಬೆಂಗಳೂರಿನಲ್ಲಿ ಕಟ್ಟಿಸಿದ ಮನೆ—ಇವೆಲ್ಲ ರಾತ್ರಿಯಿಡೀ ಮನಸ್ಸನ್ನು ಕೊರೆಯುವ ಹುಳುಗಳು. ತನ್ನನ್ನು ಅಳೆಯಲು ಬೇರೆ ಅಳತೆಗೋಲು ಸಿಗದಾಗ ಮನುಷ್ಯನು ಇತರರೊಡನೆ ಹೋಲಿಸಿ ನೋಡಿಕೊಳ್ಳುತ್ತಾನೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಸಿದ್ಧಾಂತವನ್ನೇ ಕಟ್ಟಿದರು. ಅವರಿಗೂ ಒಬ್ಬ ಷಡ್ಡಕನಿದ್ದನೋ ಏನೋ!

ನಡೆಯುವಾಗ ಸಡಿಲ ಮರಳು ಅಂಗಾಲನ್ನು ಒಳಕ್ಕೆಳೆಯುತ್ತದೆ, ಮೀನಖಂಡ ಬಿಗಿಯುತ್ತದೆ, ಉಸಿರು ಏರುತ್ತದೆ. ಅರ್ಧದಾರಿ ಕಳೆಯುವುದರೊಳಗೆ ಗಮನವೆಲ್ಲ ಕಾಲಿಗೂ ಎದೆಗೂ ಇಳಿದು, ಷಡ್ಡಕನ ಮನೆ ಮಸುಕಾಗಿರುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕೆಂದೂ, ಅದರಿಂದ ಖಿನ್ನತೆ, ಆತಂಕಗಳ ಲಕ್ಷಣಗಳು ತಗ್ಗುವುವೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿತು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೂ ಆಯಿತು. ವಾರಗಟ್ಟಲೆ ನಿದ್ದೆ ಹಸಿವುಗಳು ಕೆಟ್ಟು ಬದುಕೇ ಬೇಡವೆನ್ನಿಸಿದವರಿಗೆ ಮಾತ್ರ ನಡಿಗೆಯೊಂದೇ ಸಾಲದು. ಅವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಆದರೆ ವಿನೋದ ನೋಡಿ: ಈಗ ಕೈಗಡಿಯಾರವೇ ಹೆಜ್ಜೆಗಳನ್ನೆಣಿಸುತ್ತದೆ. ಆ ಎಣಿಕೆಯನ್ನು ಗೆಳೆಯರ ಗುಂಪಿಗೆ ಕಳುಹಿಸಿ, ಇಂದು ಯಾರು ಮುಂದೆಂದು ನೋಡಿ ಮುಖ ಬಾಡಿಸಿಕೊಳ್ಳುವವರೂ ಉಂಟು. ಮನೆಯಲ್ಲಿ ಬಿಟ್ಟುಬಂದ ಷಡ್ಡಕನು ದಂಡೆಯ ಮೇಲೆ ಮತ್ತೆ ಜೊತೆಗೂಡಿದಂತಾಯಿತು.

1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 22ರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರು. ಒಂದು ಬೆಳುದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯೇರಿ ಹೋದವರು, ಹಿಂದಿರುಗುವಾಗ ದೋಣಿಯಿಂದಿಳಿದು ಮರಳಿನ ಮೇಲೆ ನಡೆದೇ ಬಂಗಲೆ ಸೇರಿದರು. ಎಷ್ಟು ಹೆಜ್ಜೆಯೆಂದು ಅವರು ಬರೆದಿಟ್ಟಿಲ್ಲ.

ಕರಾವಳಿಯ ದಂಡೆಯಲ್ಲಿ ರಂಪಣಿ ಬಲೆಯನ್ನೆಳೆಯುವುದು ಇನ್ನೊಂದು ಬಗೆಯ ಶ್ರಮ. ಬಲೆಯ ಎರಡು ತುದಿಗಳ ಹಗ್ಗಕ್ಕೆ ಎರಡು ಸಾಲು ಜನ ಕೈಹಚ್ಚಿ, ಒಂದೇ ಲಯದಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತಾರೆ. ಒಂದು ಸಾಲು ಆತುರಪಟ್ಟರೆ ಬಲೆ ಸೊಟ್ಟಾಗಿ ಮೀನು ನುಸುಳಿಹೋಗುತ್ತದೆ. ಆದುದರಿಂದ ಎಲ್ಲರ ಕಣ್ಣೂ ಪಕ್ಕದವನ ಮೇಲಿರುತ್ತದೆ—ಅವನನ್ನು ಹಿಂದೆ ಹಾಕುವುದಕ್ಕಲ್ಲ.